ಸಾರ್, ಪೂರ್ವಕ್ಕೆ ಬಾಗಿಲು, ಕಾರ್ನರ್ ಸೈಟು!

ಭಾನುವಾರ ಬೆಳಿಗ್ಗೆ ದೋಸೆ ತಿಂದು ಕೈ ತೊಳೆಯೋ ಮೊದಲೇ ಮನೆಯವರಿಗೆ ಏನಂದ್ರಿ? "ಸುಮ್ನೆ ದೇವನಹಳ್ಳಿ ಕಡೆ ಒಂದು ರೌಂಡ್ ಹೋಗ್ಬರೋಣ" ಅಂತ ತಾನೇ? ಶುದ್ಧ ಸುಳ್ಳು. ಬ್ರೋಕರ್‌ಗೆ ಶನಿವಾರ ರಾತ್ರೀನೇ ಫೋನ್ ಹೋಗಿದೆ. ಹೈವೇ ಪಕ್ಕ ಬೈಕ್ ನಿಲ್ಲಿಸ್ಕೊಂಡು ಕಾಯ್ತಾ ಇದಾನೆ ಪುಣ್ಯಾತ್ಮ.

ಅವನಿಂದ ನಿಮಗೆ ಬೇಕಾಗಿರೋದೇನು, ಹೇಳಿ ನೋಡೋಣ. "ಇದ್ದದ್ದು ಇದ್ದಂಗೆ ಹೇಳಿದ್ರೆ ಸಾಕು ಕಣ್ರೀ" ಅಂತೀರಿ. ಹೌದಾ? ಹೋದ ತಿಂಗಳು ಒಬ್ಬ ಹಂಗೇ ಹೇಳಿದ್ದ. "ಸಾರ್, ಇದು ರೆವಿನ್ಯೂ ಸೈಟು. ಕನ್ವರ್ಷನ್ ಆಗಿಲ್ಲ. ಬಿ ಖಾತಾ ಸಿಕ್ರೂ ಬ್ಯಾಂಕಿನವರು ಲೋನ್ ಕೊಡೋಕೆ ಮೀನಮೇಷ ಎಣಿಸ್ತಾರೆ." ನೀವೇನ್ ಮಾಡಿದ್ರಿ? "ಇವನಿಗೆ ಬಿಸಿನೆಸ್ಸೇ ಬರಲ್ಲ" ಅಂತ ನಂಬರ್ ಡಿಲೀಟ್ ಮಾಡಿದ್ರಿ!

ನಿಮಗೆ ಹಿಡಿಸಿದ್ದು ಇನ್ನೊಬ್ಬ. "ಕಣ್ಮುಚ್ಕೊಂಡು ಹಾಕಿ ಸಾರ್, ಎರಡೇ ವರ್ಷ, ಡಬಲ್" ಅಂದೋನು. ಏರ್‌ಪೋರ್ಟು ಹತ್ತೇ ನಿಮಿಷ ಅಂದ (ಯುಗಾದಿ ದಿನ, ಬೆಳಗಿನ ಜಾವ ಮೂರು ಗಂಟೆಗೆ ಹೊರಟ್ರೆ ಇರಬಹುದೇನೋ). ಮೆಟ್ರೋ ಅಂತೂ ಇನ್ನೇನು ಬಂದೇಬಿಡ್ತು. ಬೆಂಗಳೂರಲ್ಲಿ ಮೆಟ್ರೋ ಹಳಿ ಮೇಲೆ ಓಡಿದ್ದು 2011ರಲ್ಲಿ. ಬ್ರೋಕರ್‌ಗಳ ಬಾಯಲ್ಲಿ ಅದು ಅದಕ್ಕೂ ಮುಂಚೆನೇ ಎಲ್ಲಾ ಲೇಔಟ್ ತಲುಪಿ, ಟಿಕೆಟ್ ಕೂಡ ಹರಿದಾಗಿತ್ತು.

ನಗಬೇಡಿ, ನಾನೂ ಹೋದವನೇ. ಮಾವಿನ ಸಸಿ ಎಣಿಸಿದೆ, ಕಮಾನಿನ ಮುಂದೆ ಸೆಲ್ಫಿ ತಗೊಂಡೆ, ಎಳನೀರು ಕುಡಿದೆ. ಮದರ್ ಡೀಡ್ ಕೇಳೋದು ಮಾತ್ರ ಮರೆತೆ. (ನಾಚಿಕೆ ಆಯ್ತು ಅಂತಾನೂ ಇಟ್ಕೊಳ್ಳಿ.)

ನೀವು ನನಗಿಂತ ಜಾಣರು ಬಿಡಿ. ಭಾವಮೈದ ಹೇಳಿಕೊಟ್ಟಿದಾನೆ, "ಮೂವತ್ತು ವರ್ಷದ ಇಸಿ ತೋರ್ಸಿ" ಅಂತ ಗತ್ತಿನಿಂದ ಕೇಳಿದ್ರಿ. ಬ್ರೋಕರ್ ಕೊಟ್ಟ. ನೀವು ಸೀಲು ನೋಡಿ ತಲೆಯಾಡಿಸಿದ್ರಿ. ಫಾರಂ 15 ಆದ್ರೆ ಆ ಜಾಗದ ಮೇಲೆ ರಿಜಿಸ್ಟರ್ ಆದ ವ್ಯವಹಾರಗಳ ಪಟ್ಟಿ ಇರುತ್ತೆ, ಫಾರಂ 16 ಆದ್ರೆ ಆ ಅವಧೀಲಿ ಏನೂ ಇಲ್ಲ ಅಂತ. ನಿಮ್ಮ ಕೈಲಿದ್ದದ್ದು ಯಾವುದು? ನೋಡಿದ್ರಾ? ಇನ್ನು ಅಣ್ಣತಮ್ಮಂದಿರು ಬಿಳೀ ಹಾಳೆ ಮೇಲೆ ಮಾಡ್ಕೊಂಡ ಅಗ್ರಿಮೆಂಟು ಇಸಿಗೆ ಬರೋದೇ ಇಲ್ಲ ಸ್ವಾಮೀ. ಅದು ನೀವು ಬೇಲಿ ಹಾಕೋಕೆ ಹೋದ ದಿನ ದೊಣ್ಣೆ ಹಿಡ್ಕೊಂಡು ಖುದ್ದಾಗಿ ಬರುತ್ತೆ.

ರೇರಾ ನಂಬರ್ ಕೇಳಿದ್ರಾ? ರೇರಾಗೆ ಸೇರಿದ ಲೇಔಟಿನ ಸೈಟು ಮಾರೋ ಏಜೆಂಟೂ ಅಲ್ಲಿ ನೋಂದಣಿ ಮಾಡಿಸಿರಬೇಕು ಅಂತ 2016ರ ಕಾಯ್ದೆನೇ ಹೇಳುತ್ತೆ. ನೀವು ಕೇಳಿದ್ದು ಅವನ ಊರು ಯಾವುದು, ಯಾರ ಪೈಕಿ ಅಂತ. ನಮ್ಮ ಕಡೆಯೋನೇ ಅಂತ ಗೊತ್ತಾದ ಕೂಡಲೇ ಅಡ್ವಾನ್ಸ್ ತೆಗೆದ್ರಿ!

ಈಗ ಬನ್ನಿ ಕಮಿಷನ್ ವಿಷಯಕ್ಕೆ. ಅಲ್ಲೇ ಇರೋದು ಮಜಾ. ಸೈಟು ಅರವತ್ತು ಲಕ್ಷ ಅಂತ ಇಟ್ಕೊಳ್ಳಿ. ನೋಂದಣಿ ಶುಲ್ಕವನ್ನ ಸರ್ಕಾರ 2025ರ ಆಗಸ್ಟ್ ಕೊನೇಲಿ ಒಂದರಿಂದ ಎರಡು ಪರ್ಸೆಂಟಿಗೆ ಏರಿಸಿತು. ಲೆಕ್ಕಕ್ಕೆ 1 ಲಕ್ಷ 20 ಸಾವಿರ. ತೆಪ್ಪಗೆ ಕಟ್ಟಿದ್ರಿ. ಬ್ರೋಕರ್ ಕೇಳಿದ್ದೂ ಅದೇ ಎರಡು ಪರ್ಸೆಂಟು. ಆರು ತಿಂಗಳು ಬಿಸಿಲಲ್ಲಿ ನಿಮ್ಮನ್ನ ಸುತ್ತಾಡಿಸಿದ್ದ, ಅಲ್ಲೀವರೆಗೂ "ನಮ್ಮ ಹುಡ್ಗ" ಆಗಿದ್ದ. ದುಡ್ಡು ಕೇಳಿದ ಕ್ಷಣ "ದಲ್ಲಾಳಿ" ಆಗ್ಬಿಟ್ಟ.

ಅಷ್ಟೇ ಅಲ್ಲ. "ವಾಸ್ತು ಬಗ್ಗೆ ಒಂದು ಮಾತು ಕೇಳ್ಬೇಕಿತ್ತು, ಓನರ್ ನಂಬರ್ ಕೊಡಪ್ಪ" ಅಂದೋರು ಯಾರು? (ಹೆಸರು ಹೇಳಲ್ಲ, ಹೆದರಬೇಡಿ.) ಓನರ್ ಮನೇಲಿ ಕಾಫಿ ಕುಡಿದು ರೇಟು ಕುದುರಿಸೋವಾಗ ಬ್ರೋಕರ್ ಮಿಸ್ಡ್ ಕಾಲ್ ಎಷ್ಟಿತ್ತು?

ಇರ್ಲಿ. ಸೈಟು ತಗೊಂಡ್ರಿ, ಹುಲ್ಲು ಬೆಳೀತು, ಡಬಲ್ ಆಗಲಿಲ್ಲ. ಮಗಳ ಮದುವೆ ಹತ್ರ ಬಂತು. ನಿನ್ನೆ ರಾತ್ರಿ ಯಾರಿಗೆ ಫೋನ್ ಮಾಡಿದ್ರಿ? ಅದೇ ದಲ್ಲಾಳಿಗೆ ತಾನೇ? "ಪಾರ್ಟಿ ಬಂದ್ರೆ ಮೆಟ್ರೋ ವಿಷಯ ಸ್ವಲ್ಪ ಒತ್ತಿ ಹೇಳಪ್ಪ" ಅಂದ್ರಿ.

"ಆಯ್ತು ಸಾರ್. ಬಿ ಖಾತಾ ಅಂತ ಹೇಳ್ಲಾ?" ಅಂತ ಕೇಳ್ದ ಪಾಪ.

"ಅವರಾಗೇ ಕೇಳಿದ್ರೆ ನೋಡೋಣ" ಅಂದ್ರಿ ನೋಡಿ!