ಮೂವತ್ತು ದಾಟಿದ ಎತ್ತು

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಓಡೋಡಿ ಹೋಗಿ ಚೆಂಡು ಹಿಡಿಯುವವನೇ ರಿಸೀವರ್. ಮೂವತ್ತು ದಾಟಿತೋ, ಸಂತೆಯ ಎತ್ತಿನಂತೆ ಅವನ ಹಲ್ಲು ಎಣಿಸತೊಡಗುತ್ತಾರೆ. 2007ರಲ್ಲಿ ರ‍್ಯಾಂಡಿ ಮಾಸ್‌ಗೆ ಆ ವಯಸ್ಸಾಗಿತ್ತು. ಓಕ್ಲಂಡ್ ತಂಡ ಅವನನ್ನು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ನಾಲ್ಕನೇ ಸುತ್ತಿನ ಒಂದು ಆಯ್ಕೆಗೆ, ಅಂದರೆ ಹೆಚ್ಚುಕಡಿಮೆ ಗುಜರಿ ಬೆಲೆಗೆ, ನ್ಯೂ ಇಂಗ್ಲೆಂಡ್‌ಗೆ ದಾಟಿಸಿತು. ಮುದಿ ಎತ್ತು ಆ ವರ್ಷ ಅಂಕ ತರುವ 23 ಟಚ್‌ಡೌನ್ ಹಿಡಿದು ಹಳೆಯ ದಾಖಲೆಯನ್ನೇ ಉತ್ತುಹಾಕಿತು! ಎಸೆಯುತ್ತಿದ್ದವನು ಟಾಮ್ ಬ್ರೇಡಿ ಎನ್ನುವುದನ್ನೂ ಹೇಳಬೇಕು; ಬಡಿಸುವವರು ನಮ್ಮವರಾದರೆ ಕೊನೇ ಪಂಕ್ತಿಯಾದರೇನು?

2010ರಲ್ಲಿ ಅದೇ ಮಾಸ್‌ಗೆ ಒಂದೇ ಋತುವಿಗೆ ಮೂರು ಜೆರ್ಸಿ. ನ್ಯೂ ಇಂಗ್ಲೆಂಡ್ ಬಿಟ್ಟು ಮಿನ್ನೆಸೋಟ, ಅಲ್ಲಿ ನಾಲ್ಕೇ ಪಂದ್ಯಕ್ಕೆ ಗೇಟ್‌ಪಾಸ್. ಟೆನೆಸ್ಸಿಯಲ್ಲಿ ಎಂಟು ಪಂದ್ಯಕ್ಕೆ ಹಿಡಿದದ್ದು ಆರೇ ಚೆಂಡು. ನಮ್ಮನೆ ಬೆಕ್ಕು ಅಷ್ಟು ದಿನದಲ್ಲಿ ಅದಕ್ಕಿಂತ ಹೆಚ್ಚು ಇಲಿ ಹಿಡಿಯುತ್ತದೆ, ಅದೂ ಮುದಿಬೆಕ್ಕೇ.

ತಪ್ಪು ಹೊಸ ಊರಿನದೋ, ಹಳೇ ಮಂಡಿಯದೋ? ನನ್ನ ವೋಟು ಮಂಡಿಗೆ. ಆದರೆ ಜೆರ‍್ರಿ ರೈಸ್ ಎಂಬ ಇನ್ನೊಬ್ಬ ರಿಸೀವರ್ ಇದಕ್ಕೆ ಒಪ್ಪುವ ಆಸಾಮಿಯಲ್ಲ. ಹಳೇ ತಂಡ ಕೈಬಿಟ್ಟ ಮೇಲೆ ಓಕ್ಲಂಡ್ ಸೇರಿ, 2002ರಲ್ಲಿ, ನಲವತ್ತರ ಹರೆಯದಲ್ಲಿ 1,211 ಗಜ ಗಳಿಸಿದ. ಅದೇ ವಯಸ್ಸಿನಲ್ಲಿ ನಾನು ಬಸ್ಸಿನ ಹಿಂದೆ ಇಪ್ಪತ್ತು ಗಜ ಓಡಿದ್ದೆ. ಬಸ್ಸು ಸಿಗಲಿಲ್ಲ.