ಬಜ್ಜಿ ಬಲದ ಕರಾಟೆ

ಸಂಜೆ ಆರೂವರೆಗೆ ಕರಾಟೆ ಕ್ಲಾಸು. ಆರಕ್ಕೆ ಆಫೀಸಿನಿಂದ ಬಂದು ಸೋಫಾಕ್ಕೆ ಬಿದ್ದ ನನ್ನನ್ನು ಎಬ್ಬಿಸಲು ಕ್ರೇನೇ ಬರಬೇಕು. 47ರ ವಯಸ್ಸಿನಲ್ಲಿ ಬಿಳಿ ಬೆಲ್ಟು ಸುತ್ತಿಕೊಂಡವನು ನಾನು (ಸುತ್ತಿದ ಮೇಲೆ ಗಂಟಿಗೆ ತುದಿಯೇ ಉಳಿಯುವುದಿಲ್ಲ, ಆ ಮಾತು ಬೇರೆ). ಪಕ್ಕದಲ್ಲಿ ನಿಲ್ಲುವ ಮೂರನೇ ಕ್ಲಾಸಿನ ಹುಡುಗಿಗೆ ಆಗಲೇ ಹಸಿರು ಬೆಲ್ಟು.

"ಖಾಲಿ ಹೊಟ್ಟೇಲಿ ಒದೆಯೋಕೆ ಹೋಗ್ಬೇಡ್ರೀ" ಎಂದು ಹೆಂಡತಿ ಏಲಕ್ಕಿ ಬಾಳೆ ಕೊಟ್ಟಳು. ಹೆಬ್ಬೆರಳಿನಷ್ಟುದ್ದ. ನಾಲ್ಕು ನುಂಗಿದರೂ ಹೊಟ್ಟೆಗೆ ಸುದ್ದಿಯೇ ತಲುಪಲಿಲ್ಲ. ಕಾಫಿ ನೆಚ್ಚಿದೆ. ಅದು ಏರಲು ಅರ್ಧ ಮುಕ್ಕಾಲು ಗಂಟೆ ಬೇಕು. ನಾನು ಕುಡಿಯುತ್ತಿದ್ದದ್ದು ಚಪ್ಪಲಿ ಮೆಟ್ಟುವಾಗ. ಹೀಗಾಗಿ ಕ್ಲಾಸಿನಲ್ಲಿ ಆಕಳಿಕೆ, ರಾತ್ರಿ ಹನ್ನೆರಡಕ್ಕೆ ಮಲಗಿದಲ್ಲೇ ಫ್ಯಾನಿಗೆ ಪಂಚು.

ಕಳೆದ ಗುರುವಾರ ದಾರಿಯ ಗಾಡಿಯಲ್ಲಿ ಬಾಣಲೆ ಚೊರ್ ಅಂದಿತು. ಮೆಣಸಿನಕಾಯಿ ಬಜ್ಜಿ, ಸೀಳಿ ಓಮ ತುಂಬಿದ್ದು. ಶಕ್ತಿಗಾಗಿ ಒಂದು, ಆತ್ಮವಿಶ್ವಾಸಕ್ಕೆ ಮೂರು.

ಅಂದು ಕ್ಲಾಸಿನಲ್ಲಿ ಹೇಯಾನ್ ಶೋದಾನ್ ಎಂಬ ಕಾತಾ, ಅಂದರೆ ವರಸೆಗಳ ಸರಣಿ. ಒಟ್ಟು 21 ಚಲನೆ. 9ಕ್ಕೊಮ್ಮೆ, 17ಕ್ಕೊಮ್ಮೆ ಹೊಟ್ಟೆಯಾಳದಿಂದ 'ಕಿಯಾಯ್' ಎಂದು ಕೂಗಬೇಕು. ಆಳದಲ್ಲಿ ಇದ್ದದ್ದು ಬಜ್ಜಿ. ಒಂಬತ್ತನೆಯದಕ್ಕೆ ಬಾಯಿ ತೆರೆದೆ, ಕೂಗಿಗೆ ಬದಲು ದೀರ್ಘವಾದ ತೇಗು ಹೊರಟು ಹಾಲೆಲ್ಲ ಓಮದ ಘಮ. ಹಸಿರು ಬೆಲ್ಟು ಮೂಗು ಮುಚ್ಚಿಕೊಂಡೇ ಗುರುಗಳಿಗೆ, "ಸೆನ್ಸೈ, ಅಂಕಲ್‌ಗೆ ಮಾತ್ರ ತಿಂಡಿ ಕೊಟ್ರಾ?" ಎಂದಿತು.

ಈಗ ಐದೂವರೆಗೇ ಆಫೀಸಿನಲ್ಲಿ ಎರಡು ಕಡಲೆ ಚಿಕ್ಕಿ ಕಡಿದು, ಗಾಡಿಯ ಮುಂದೆ ತಲೆ ತಗ್ಗಿಸಿ ಓಡುತ್ತೇನೆ. ಗಾಡಿಯವನು ಬಿಡುವುದಿಲ್ಲ: "ಏನ್ ಸಾರ್, ಇವತ್ತು ಫೈಟಿಂಗ್ ಇಲ್ವಾ?"