ಡಾಕ್ಟರು ದಾರಿಯಲ್ಲಿದ್ದಾರೆ

ಇವರಿಂದ: ಕಿಟಕಿ ಪಕ್ಕದ ಬೆಂಚಿನವರು
ಇವರಿಗೆ: ಮಾನ್ಯ ಶುಗರ್ ಡಾಕ್ಟರ್ ಸಾಹೇಬರು, ಮೈಸೂರು
ವಿಷಯ: ತಾವು ಎಲ್ಲಿದ್ದೀರಿ ಎಂಬುದರ ಬಗ್ಗೆ

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಈಗ ಸಂಜೆ ಏಳೂಕಾಲು. ತಮ್ಮ ಬೋರ್ಡಿನ ಮೇಲೆ ‘ಸಂಜೆ 5ರಿಂದ’ ಎಂದು ಬರೆದಿದೆ. ರಿಸೆಪ್ಶನ್ನಿನ ಹುಡುಗಿಯನ್ನು ಕೇಳಿದರೆ “ಸರ್ ದಾರೀಲಿದ್ದಾರೆ, ಕೂತ್ಕೊಳ್ಳಿ” ಎನ್ನುತ್ತಾಳೆ. ಐದೂವರೆಗೂ ತಾವು ದಾರಿಯಲ್ಲಿದ್ದಿರಿ, ಆರೂಮುಕ್ಕಾಲಿಗೂ ದಾರಿಯಲ್ಲೇ ಇದ್ದಿರಿ. ಮೈಸೂರಿನಲ್ಲಿ ಯಾವ ಮೂಲೆಯಿಂದ ಯಾವ ಮೂಲೆಗೆ ಹೋದರೂ, ಜಂಬೂಸವಾರಿಯ ದಿನವೊಂದು ಬಿಟ್ಟರೆ, ಮುಕ್ಕಾಲು ಗಂಟೆ ಧಾರಾಳವಾಯಿತು. ಹೀಗಾಗಿ ತಾವು ಮಡಿಕೇರಿಯಿಂದ ಹೊರಟಿರಬೇಕು ಎನ್ನುವ ಒಂದು ಪಕ್ಷವೂ, ಅಂಬಾರಿಯಲ್ಲೇ ಬರುತ್ತಿರಬೇಕು ಎನ್ನುವ ಇನ್ನೊಂದು ಪಕ್ಷವೂ ನಮ್ಮ ಬೆಂಚಿನಲ್ಲಿ ಹುಟ್ಟಿಕೊಂಡಿವೆ.

ತಾವಿಲ್ಲದ ಕೊರತೆ ಪೂರ್ತಿ ಕಾಡುತ್ತಿದೆ ಎಂದರೆ ಸುಳ್ಳಾದೀತು. ಗೋಡೆಯ ಟಿವಿಯಲ್ಲಿ ತಾವು ಹತ್ತು ನಿಮಿಷಕ್ಕೊಮ್ಮೆ ನಗುನಗುತ್ತಾ ಬಂದು, ಮಾನಸಿಕ ಒತ್ತಡದಿಂದ ಶುಗರ್ ಏರುತ್ತದೆ, ಒತ್ತಡ ಮಾಡಿಕೊಳ್ಳಬೇಡಿ ಎಂದು ಬುದ್ಧಿ ಹೇಳಿ ಹೋಗುತ್ತೀರಿ. ಆ ಟಿವಿಯ ಡಾಕ್ಟರು ಒಂದು ಸಲವೂ ತಡ ಮಾಡಿಲ್ಲ. ಫೀಸನ್ನೂ ಕೇಳಿಲ್ಲ.

ತಪ್ಪು ತಿಳಿಯಬೇಡಿ, ಕಾಯುವುದು ನಮಗೆ ಹೊಸದಲ್ಲ. ರೇಷನ್ ಅಂಗಡಿಯ ಮುಂದೆ ಸರ್ವರ್ ಬರಲಿ ಎಂದು ಕಾದವರು, ಆಧಾರ್ ಕಾರ್ಡಿನ ಒಂದು ಅಕ್ಷರ ತಿದ್ದಿಸಲು ಕಾದವರು ನಾವು. ಆದರೆ ಅಲ್ಲಿ ಯಾರೂ ನಮಗೆ ಫೋನಿನಲ್ಲಿ ಗಂಟೆ ಗೊತ್ತು ಮಾಡಿ ಕರೆಸಿರಲಿಲ್ಲ. ತಮ್ಮಲ್ಲಿ ಅಪಾಯಿಂಟ್‌ಮೆಂಟ್ ಎನ್ನುವುದಿದೆ. ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಮಾಡಬೇಕು. ಒಂಬತ್ತಕ್ಕೆ ಎಂಗೇಜ್, ಒಂಬತ್ತೂ ಹತ್ತಕ್ಕೆ “ಇವತ್ತಿಂದು ಮುಗೀತು, ನಾಳೆ ಮಾಡಿ”. ಸಿಕ್ಕಿದ ಪುಣ್ಯವಂತರೆಲ್ಲರಿಗೂ ಕೊಟ್ಟ ಸಮಯ ಐದು ಗಂಟೆ. ನನಗೂ ಐದು, ಎದುರಿಗೆ ಕೂತಿರುವ ಹುಣಸೂರಿನ ತಂಬಾಕಿನ ರೈತರಿಗೂ ಐದು, ಎಚ್.ಡಿ. ಕೋಟೆಯಿಂದ ಬಂದ ಅಜ್ಜಿಗೂ ಐದು. ಸುಮಾರು ನಲವತ್ತು ಜನಕ್ಕೆ ಒಂದೇ ಐದು ಗಂಟೆ. ಸಂವಿಧಾನದ 14ನೇ ವಿಧಿಯನ್ನು ಇಷ್ಟು ನಿಷ್ಠೆಯಿಂದ ಪಾಲಿಸುವ ಜಾಗ ಮೈಸೂರಿನಲ್ಲಿ ಇನ್ನೊಂದಿರಲಾರದು.

ನಲವತ್ತು ಜನರೂ ಐದಕ್ಕೇ ಏಕೆ ಬರಬೇಕು? ಈ ಪ್ರಶ್ನೆಗೆ ಉತ್ತರ ಬಂದು ಬಹಳ ಕಾಲವಾಯಿತು. ಇಂಗ್ಲೆಂಡಿನಲ್ಲಿ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದ ಹೊಸತರಲ್ಲಿ ಅಲ್ಲಿನ ಆಸ್ಪತ್ರೆಗಳ ಪಡಸಾಲೆಗಳೂ ಹೀಗೇ ತುಂಬಿರುತ್ತಿದ್ದವು. ನಾರ್ಮನ್ ಬೈಲಿ ಎಂಬ ಸಂಖ್ಯಾಶಾಸ್ತ್ರಜ್ಞ 1952ರಲ್ಲಿ ಲೆಕ್ಕ ಹಾಕಿ ಒಂದು ಉಪಾಯ ಹೇಳಿದ. ಡಾಕ್ಟರು ಕೆಲಸ ಶುರು ಮಾಡುವಾಗ ಇಬ್ಬರು ರೋಗಿಗಳು ಬಂದಿರಲಿ. ಒಬ್ಬರನ್ನು ನೋಡಲು ಸರಾಸರಿ ಎಷ್ಟು ಹೊತ್ತು ಬೇಕೋ ಅಷ್ಟಷ್ಟು ಅಂತರ ಬಿಟ್ಟು ಉಳಿದವರನ್ನು ಕರೆಯಿರಿ. ಇಷ್ಟೇ. ಡಾಕ್ಟರು ಬಹಳ ಹೊತ್ತು ಸುಮ್ಮನೆ ಕೂರುವುದಿಲ್ಲ, ರೋಗಿಯೂ ಬೆಂಚು ಸವೆಸುವುದಿಲ್ಲ. ಇದಕ್ಕೆ ಕಂಪ್ಯೂಟರು ಬೇಡ, ಆ್ಯಪ್ ಬೇಡ, ನಲವತ್ತು ಪುಟದ ಒಂದು ನೋಟ್‌ಬುಕ್ ಸಾಕು. ಆದರೆ ಈ ಉಪಾಯದಲ್ಲಿ ಒಂದು ದೊಡ್ಡ ದೋಷವಿದೆ: ಡಾಕ್ಟರೂ ಹೇಳಿದ ಹೊತ್ತಿಗೆ ಬಂದಿರಬೇಕಾಗುತ್ತದೆ. ಮೈಸೂರಿಗೆ ಅದು ಒಗ್ಗದೆ ಹೋಗಿದ್ದು ಇದೇ ಕಾರಣಕ್ಕೆ ಇರಬಹುದು.

ಇಬ್ಬರು ಸಾಕು ಎಂದ ಕಡೆ ನಲವತ್ತು ಜನರನ್ನು ಕೂಡಿಹಾಕುವುದರ ಹಿಂದೆ ಒಂದು ಲೆಕ್ಕವಿದೆ ಎಂಬುದು ನಮಗೂ ತಿಳಿಯುತ್ತದೆ. ತಮ್ಮ ಒಂದು ನಿಮಿಷ ಖಾಲಿ ಹೋದರೆ ಅದು ನಷ್ಟ. ನಮ್ಮ ಮೂರು ಗಂಟೆ ಹೋದರೆ ಅದನ್ನು ಬರೆದಿಡುವ ಪುಸ್ತಕವೇ ಇಲ್ಲ. ಹುಣಸೂರಿನವರ ಬ್ಯಾರನ್ನಿನಲ್ಲಿ ತಂಬಾಕು ಬೇಯುತ್ತಿದೆ; ಬೆಂಕಿ ಹೆಚ್ಚು ಕಮ್ಮಿಯಾದರೆ ಎಲೆಯ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಹರಾಜಿನಲ್ಲಿ ರೇಟು ಬೀಳುತ್ತದೆ. ಅದನ್ನು ಮಗನ ಕೈಗೊಪ್ಪಿಸಿ ಬಂದು ಐದು ನಿಮಿಷಕ್ಕೊಮ್ಮೆ ಫೋನ್ ಮಾಡುತ್ತಿದ್ದಾರೆ. ಕೋಟೆಯ ಅಜ್ಜಿಗೆ 2023ರಿಂದ ಶಕ್ತಿ ಯೋಜನೆಯಲ್ಲಿ ಬಸ್ಸೇನೋ ಪುಕ್ಕಟೆ, ಆದರೆ ಹೊರಟುಹೋದ ಬಸ್ಸನ್ನು ಹತ್ತಲು ಯಾವ ಸರ್ಕಾರವೂ ಟಿಕೆಟ್ ಕೊಡುವುದಿಲ್ಲ. ನಂಜನಗೂಡಿನ ಮೇಷ್ಟ್ರೊಬ್ಬರು ಜಾಣರು. ಬರುವಾಗಲೇ ಒಂದು ಚಿಪ್ಪು ರಸಬಾಳೆ ತಂದು ಕೌಂಟರಿನ ಮೇಲಿಟ್ಟರು. ತಾವು ತಿನ್ನಬಾರದೆಂದು ಚೀಟಿಯಲ್ಲಿ ಬರೆದುಕೊಟ್ಟ ಹಣ್ಣೇ ಅದು. ಅವರ ಟೋಕನ್ ಹನ್ನೊಂದು ಸ್ಥಾನ ಮುಂದಕ್ಕೆ ಹೋಗಿದೆ. ಶುಗರ್ ಕಾಯಿಲೆಗೆ ಬಾಳೆಹಣ್ಣಿನಿಂದ ಆದ ಈ ಉಪಕಾರವನ್ನು ತಾವು ಮುಂದಿನ ಸಮ್ಮೇಳನದಲ್ಲಿ ಪ್ರಬಂಧವಾಗಿ ಮಂಡಿಸಬಹುದು.

ಇಲ್ಲಿ ಸ್ವಲ್ಪ ಹೊತ್ತು ತಮಾಷೆ ಬಿಡುತ್ತೇನೆ. ನಮ್ಮ ಕಾಯಿಲೆ ಊಟದ ಹೊತ್ತಿನ ಕಾಯಿಲೆ. ತಮ್ಮದೇ ಗೋಡೆಯ ಚಿತ್ರಪಟ ಹೇಳುತ್ತದೆ: ಹೊತ್ತಿಗೆ ಸರಿಯಾಗಿ ಊಟ ಮಾಡಿ, ಊಟ ತಪ್ಪಿಸಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರು, ಕೆಲವು ಬಗೆಯ ಮಾತ್ರೆ ನುಂಗುವವರು ಊಟ ತಡ ಮಾಡಿದರೆ ಶುಗರ್ ಇಳಿದುಬಿಡುತ್ತದೆ. ಮೈ ಬೆವರುತ್ತದೆ, ಕೈ ನಡುಗುತ್ತದೆ, ಕಣ್ಣು ಕತ್ತಲಿಡುತ್ತದೆ. ಆಗಲೇ ಒಬ್ಬರಿಗೆ ಹಾಗಾಯಿತು. ಯಾರದೋ ಬ್ಯಾಗಿನಲ್ಲಿದ್ದ ಮೊಮ್ಮಗುವಿನ ಚಾಕೊಲೇಟು ಕೊಟ್ಟು ಸುಧಾರಿಸಿದೆವು. ಹಾಗೆಂದು ಎದ್ದು ಹೋಗಿ ಎರಡು ಇಡ್ಲಿ ತಿಂದು ಬರೋಣವೆಂದರೆ, ಆ ಹೊತ್ತಿಗೇ ತಾವು ಬಂದುಬಿಡುತ್ತೀರಿ; ನಮ್ಮ ನಂಬರು ಕೂಗಿ, ನಾವಿಲ್ಲದಿದ್ದರೆ ಕಟ್ಟಕಡೆಗೆ ತಳ್ಳುತ್ತಾರೆ. ಬಿಪಿ ನೋಡುವ ಮುಂಚೆ ರೋಗಿ ಐದು ನಿಮಿಷ ಶಾಂತವಾಗಿ ಕೂತಿರಬೇಕು ಎನ್ನುತ್ತದೆ ವೈದ್ಯಶಾಸ್ತ್ರ. ತಾವು ಮೂರು ಗಂಟೆ ಕೂರಿಸುತ್ತೀರಿ, ಶಾಂತಿಯೊಂದು ಬಾಕಿ. ಆಮೇಲೆ ಯಂತ್ರ ನೋಡಿ “ಬಿಪಿನೂ ಶುರುವಾಗಿದೆಯಲ್ರೀ” ಎಂದು ಇನ್ನೊಂದು ಮಾತ್ರೆ ಬರೆಯುತ್ತೀರಿ.

ಒಳಗೆ ಹೋದ ಮೇಲಿನ ವಿಚಾರ ಚಿಕ್ಕದು, ಏಕೆಂದರೆ ಒಳಗಿರುವ ಸಮಯವೂ ಚಿಕ್ಕದು. 2017ರಲ್ಲಿ ಪ್ರಕಟವಾದ ಒಂದು ಸಂಶೋಧನೆ 67 ದೇಶಗಳ ಲೆಕ್ಕ ಒಟ್ಟು ಮಾಡಿತ್ತು. ಸ್ವೀಡನ್ನಿನಲ್ಲಿ ಡಾಕ್ಟರು ಒಬ್ಬ ರೋಗಿಯೊಡನೆ ಸರಾಸರಿ 22.5 ನಿಮಿಷ ಕಳೆದರೆ ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಆ 48 ಸೆಕೆಂಡಿಗೆ ಹೋಲಿಸಿದರೆ ತಾವು ಉದಾರಿಗಳು. ಫೋನು ಬರದಿದ್ದರೆ ನಮ್ಮ ಮುಖವನ್ನೂ ನೋಡುತ್ತೀರಿ.

ಫೀಸಿನ ವಿಷಯ ಹೇಳದಿದ್ದರೆ ಕೃತಘ್ನರಾಗುತ್ತೇವೆ. ಏಳು ದಿನದೊಳಗೆ ರಿಪೋರ್ಟ್ ತಂದು ತೋರಿಸಿದರೆ ಫೀಸಿಲ್ಲ ಎಂದು ಕೌಂಟರಿನ ಗಾಜಿಗೆ ಚೀಟಿ ಅಂಟಿಸಿದ್ದೀರಿ. ಲ್ಯಾಬಿನವರು ರಿಪೋರ್ಟ್ ಕೊಡಲು ಎರಡು ದಿನ. ತಾವು ಕಾನ್ಫರೆನ್ಸಿಗೆ ಹೋಗಿ ಬರಲು ನಾಲ್ಕು ದಿನ. ಭಾನುವಾರ ರಜೆ. ಎಂಟನೆಯ ದಿನ ಬೆಳಗಾಗುತ್ತಲೇ ತಾವು ಊರಿಗೆ ಬಂದಿರುತ್ತೀರಿ, ನಮ್ಮ ಉಚಿತ ಯೋಗ ಮುಗಿದಿರುತ್ತದೆ.

ಹಣ ಕೊಟ್ಟು ಚಿಕಿತ್ಸೆ ಪಡೆಯುವ ರೋಗಿ ಗ್ರಾಹಕನೂ ಹೌದೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ನಾವು ಕೋರ್ಟಿಗೆ ಹೋಗುವವರಲ್ಲ, ಅಲ್ಲಿಯ ಬೆಂಚು ಇನ್ನೂ ಗಟ್ಟಿ. ಆದರೆ ಒಂದು ಆಸೆಯಿದೆ. ನಮ್ಮದೇ ರಾಜ್ಯದಲ್ಲಿ 2012ರಲ್ಲಿ ಸಕಾಲ ಜಾರಿಗೆ ಬಂತು. ಜಾತಿ ಪ್ರಮಾಣಪತ್ರ ಗೊತ್ತುಪಡಿಸಿದ ದಿನಕ್ಕೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ ಅರ್ಜಿದಾರನಿಗೆ ಪರಿಹಾರ, ಅದೂ ತಡ ಮಾಡಿದ ನೌಕರನ ಜೇಬಿನಿಂದ. ಎಷ್ಟು ಜನಕ್ಕೆ ಆ ಹಣ ಕೈಸೇರಿತೋ, ಅದು ಬೇರೆ ಮಾತು. ತಾಲ್ಲೂಕು ಕಚೇರಿಯ ಗುಮಾಸ್ತನೂ ಹೊತ್ತಿಗೆ ಬೆಲೆ ಕಟ್ಟಿಕೊಡಬೇಕು ಎನ್ನುವ ಕಾಲದಲ್ಲಿ ತಾವು ಗಂಟೆಗೊಂದು ರೂಪಾಯಿ ಫೀಸಿನಲ್ಲಿ ಮುರಿದುಕೊಂಡರೂ ಸಾಕು. ಹಣಕ್ಕಲ್ಲ. ರಸೀದಿಯ ಮೇಲೆ ‘ಕಾಯಿಸಿದ್ದಕ್ಕೆ’ ಎಂಬ ಒಂದು ಸಾಲು ನೋಡಬೇಕೆಂದು.

ತುರ್ತು ಕೇಸು ಬಂದು ತಾವು ತಡವಾದರೆ ಈ ಬೆಂಚಿನಲ್ಲಿ ಗೊಣಗುವವರು ಒಬ್ಬರೂ ಇಲ್ಲ. ಬೆಳಿಗ್ಗೆ ಒಂದು ಆಸ್ಪತ್ರೆ, ಮಧ್ಯಾಹ್ನ ಇನ್ನೊಂದರಲ್ಲಿ ರೌಂಡ್ಸ್, ಸಂಜೆ ಇಲ್ಲಿ; ತಮಗೂ ಊಟದ ಹೊತ್ತು ತಪ್ಪುತ್ತಿರಬೇಕು. ರಿಸೆಪ್ಶನ್ನಿನ ಹುಡುಗಿಯ ಮೇಲೂ ನಮಗೆ ಸಿಟ್ಟಿಲ್ಲ, ರಸಬಾಳೆಯ ವಿಷಯ ಬಿಟ್ಟರೆ. ನಮ್ಮ ಬೈಗುಳವೂ ಅವಳಿಗೆ, ತಮ್ಮ ಬೈಗುಳವೂ ಅವಳಿಗೆ. ತಾವು ಎಂಟಕ್ಕೆ ಮುಂಚೆ ಬರುವುದಿಲ್ಲವೆಂದು ಅವಳಿಗೆ ಗೊತ್ತು. ಹೇಳುವಂತಿಲ್ಲ. ಹೇಳಿದರೆ ಜನ ಬೇರೆ ಡಾಕ್ಟರ ಹತ್ತಿರ ಹೋದಾರು ಎಂಬ ಭಯ ತಮಗೆ. ನಮ್ಮ ಬೀದಿಯ ಕಟಿಂಗ್ ಶಾಪಿನವನಿಗೆ ಆ ಭಯವಿಲ್ಲ. ಬಾಗಿಲಲ್ಲಿ ನಮ್ಮನ್ನು ಕಂಡ ಕೂಡಲೇ “ಇನ್ನೂ ಮೂರು ತಲೆ ಇದೆ ಸಾರ್, ಮುಕ್ಕಾಲು ಗಂಟೆ ಬಿಟ್ಟು ಬನ್ನಿ” ಎನ್ನುತ್ತಾನೆ. ನಾವು ತರಕಾರಿ ತಂದಿಟ್ಟು ಮತ್ತೆ ಅವನಲ್ಲಿಗೇ ಹೋಗುತ್ತೇವೆ. ಎಷ್ಟು ವರ್ಷದಿಂದಲೋ ನಮ್ಮ ತಲೆ ಅವನ ಕೈಯಲ್ಲೇ ಇದೆ.

ಹಾಗಾಗಿ ನಮ್ಮ ಬೇಡಿಕೆ ಒಂದೇ. ಬೇಗ ಬನ್ನಿ ಎನ್ನುವುದಿಲ್ಲ. ಒಂದು ಕಪ್ಪು ಹಲಗೆ ತೂಗುಹಾಕಿ, ‘ಡಾಕ್ಟರು ಎಂಟಕ್ಕೆ ಬರುತ್ತಾರೆ, ಇಪ್ಪತ್ತರ ಮೇಲಿನ ಟೋಕನ್ನಿನವರು ಒಂಬತ್ತಕ್ಕೆ ಬನ್ನಿ’ ಎಂದು ನಿಜ ಬರೆಸಿ. ಸೀಮೆಸುಣ್ಣದ ಖರ್ಚು ನಾವು ಕೊಡುತ್ತೇವೆ.

ಈ ಧಾಟಿ ತಮಗೆ ಉದ್ಧಟತನವೆಂದು ಕಂಡರೆ ದೋಷ ತಮ್ಮ ವೃತ್ತಿಬಾಂಧವರೊಬ್ಬರದು. ಬೆಂಗಳೂರಿನಲ್ಲಿ ವೈದ್ಯರಾಗಿದ್ದುಕೊಂಡೇ 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ಶುರುಮಾಡಿ ಕಾಲು ಶತಮಾನ ಕನ್ನಡಿಗರನ್ನು ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರು, ಡಾಕ್ಟರ ಮುಂದೆ ನಗಬಹುದು ಎಂಬ ಧೈರ್ಯ ನಮ್ಮ ಹಿರಿಯರಿಗೆ ಕೊಟ್ಟು ಹೋಗಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ, ಕೈ ನಡುಕದಿಂದ ಸ್ಪಷ್ಟವಿಲ್ಲ)

ಪ್ರತಿಗಳು:
ರಿಸೆಪ್ಶನ್ನಿನವರಿಗೆ, ಮಾಹಿತಿಗಾಗಿ.
ಈಗಷ್ಟೇ ಬ್ಯಾಗು ಹಿಡಿದು ಬಂದು ನಿಂತಿರುವ ಮೂವರು ಮೆಡಿಕಲ್ ರೆಪ್‌ಗಳಿಗೆ, ದಯವಿಟ್ಟು ಕೊನೆಗೆ ಹೋಗಿ ಎಂಬ ಕೋರಿಕೆಯೊಂದಿಗೆ.
ಟೋಕನ್ 44ರವರಿಗೆ, ಮುಂದಿನ ಕ್ರಮಕ್ಕಾಗಿ: ನಾನು ಕೆಳಗೆ ಹೋಗಿ ಎರಡು ಇಡ್ಲಿ ತಿಂದು ಬರುತ್ತೇನೆ, ನನ್ನ ನಂಬರು ಕೂಗಿದರೆ ‘ದಾರೀಲಿದ್ದಾರೆ’ ಅನ್ನಿ.